ಈಜುಡುಗೆ ಬ್ರ್ಯಾಂಡ್ ಶುರು ಮಾಡ್ತೀರಾ? ಮೊದಲು ಬಟ್ಟೆ ಒದ್ದೆ ಮಾಡಿ ನೋಡಿ

ಬೆಂಗಳೂರಿನ ಎಷ್ಟೋ ಈಜುಕೊಳಗಳ ಬಾಗಿಲಲ್ಲಿ ಒಂದು ಬೋರ್ಡ್ ಇರುತ್ತದೆ: ನೈಲಾನ್ ಕಾಸ್ಟ್ಯೂಮ್ ಕಡ್ಡಾಯ, ಕಾಟನ್ ಬಟ್ಟೆಗೆ ಪ್ರವೇಶವಿಲ್ಲ. ಏಪ್ರಿಲ್ ಬಂತೆಂದರೆ ಮಕ್ಕಳನ್ನು ಬೇಸಿಗೆ ಕ್ಯಾಂಪಿಗೆ ಸೇರಿಸಲು ಬಂದ ಅಪ್ಪ ಅಮ್ಮಂದಿರು ಆ ಬೋರ್ಡ್ ಓದಿ ಪಕ್ಕದ ಅಂಗಡಿಗೆ ಓಡುತ್ತಾರೆ. ಹೆಂಗಸರ ಪಾಡು ಇನ್ನೂ ಕಷ್ಟ. ಮಂಡಿವರೆಗೆ ಬರುವಂಥದ್ದು, ತೋಳಿರುವಂಥದ್ದು, ಮೈಗೆ ಸರಿಯಾಗಿ ಕೂರುವಂಥದ್ದು ಬೇಕು ಅಂದರೆ ನಾಲ್ಕು ಅಂಗಡಿ ಸುತ್ತಬೇಕು. ಹೀಗೆ ಸುತ್ತಿ ಸಾಕಾದವರಲ್ಲಿ ಕೆಲವರಿಗೆ, ನಾವೇ ಯಾಕೆ ಹೊಲಿಸಿ ಮಾರಬಾರದು ಅನ್ನಿಸುತ್ತದೆ.

ನನ್ನ ಚಿಕ್ಕಮ್ಮನ ಮಗಳಿಗೂ ಹಾಗೇ ಅನ್ನಿಸಿತು. ಇಬ್ಬರೂ ಹೋಗಿ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ 12 ಮೀಟರ್ ನೇವಿ ಬ್ಲೂ ಬಟ್ಟೆ ತಂದೆವು. 'ಇಂಪೋರ್ಟೆಡ್ ಲೈಕ್ರಾ ಮೇಡಂ, ಕಣ್ಣು ಮುಚ್ಚಿಕೊಂಡು ತಗೊಳ್ಳಿ' ಅಂದರು, ನಾವು ಹಾಗೇ ತಗೊಂಡೆವು. ಹೊಳಪು ಚೆನ್ನಾಗಿತ್ತು, ಕೈಗೆ ಮೆತ್ತಗಿತ್ತು, ಎಳೆದರೆ ಹಿಗ್ಗುತ್ತಿತ್ತು. ಆರು ವಾರ ಪೂಲಿಗೆ ಹೋಗಿಬಂದ ಮೇಲೆ ಕೂರುವ ಜಾಗದಲ್ಲಿ ಬಟ್ಟೆ ಈರುಳ್ಳಿ ಸಿಪ್ಪೆಯಂತಾಗಿತ್ತು, ಬೆರಳು ಹಿಂದೆ ಇಟ್ಟರೆ ಉಗುರು ಕಾಣುತ್ತಿತ್ತು. ಆಮೇಲೆ ಗೊತ್ತಾಯಿತು, ಅದು ಡ್ಯಾನ್ಸ್ ಡ್ರೆಸ್ ಹೊಲಿಯುವ ಬಟ್ಟೆ. ಸ್ಟೇಜಿಗೆ ಏನೂ ತೊಂದರೆ ಇಲ್ಲ, ನೀರಿಗೆ ಆಗಿಬರುವುದಿಲ್ಲ.

'ಲೈಕ್ರಾ ಬಟ್ಟೆ' ಅಂದರೆ ಏನು?

ನಮ್ಮ ಅಂಗಡಿಗಳಲ್ಲಿ ಎಳೆದರೆ ಹಿಗ್ಗುವ ಬಟ್ಟೆಗೆಲ್ಲ ಲೈಕ್ರಾ ಅಂತಲೇ ಹೆಸರು. ಫೋಟೋಕಾಪಿಗೆ ಜೆರಾಕ್ಸ್ ಅನ್ನುತ್ತೇವಲ್ಲ, ಹಾಗೆ. ಲೈಕ್ರಾ ಒಂದು ಬ್ರ್ಯಾಂಡ್ ಹೆಸರು. ಆ ನೂಲಿನ ನಿಜವಾದ ಹೆಸರು ಸ್ಪ್ಯಾಂಡೆಕ್ಸ್, ಯುರೋಪಿನಲ್ಲಿ ಇದಕ್ಕೇ ಇಲಾಸ್ಟೇನ್ ಅನ್ನುತ್ತಾರೆ. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಇದನ್ನು ಕಂಡುಹಿಡಿದರು. ಪಾಲಿಯುರೆಥೇನ್ ಜಾತಿಯ ನೂಲು ಇದು, ತನ್ನ ಉದ್ದದ ಐದು ಪಟ್ಟು ಎಳೆದರೂ ಬಿಟ್ಟಕೂಡಲೇ ವಾಪಸ್ ಬರುತ್ತದೆ.

ಆದರೆ ಬರೀ ಸ್ಪ್ಯಾಂಡೆಕ್ಸಿನಿಂದ ಯಾರೂ ಈಜುಡುಗೆ ಮಾಡುವುದಿಲ್ಲ. ಅದು ಸಾರಿಗೆ ಹಾಕುವ ಹುಣಸೆಹಣ್ಣಿನ ಹಾಗೆ, ಬೇಕೇ ಬೇಕು, ಆದರೆ ಅದೇ ಸಾರಲ್ಲ. ಬಟ್ಟೆಯ ಮುಖ್ಯ ಭಾಗ ನೈಲಾನ್ ಆಗಿರುತ್ತದೆ ಇಲ್ಲವೇ ಪಾಲಿಯೆಸ್ಟರ್. ಸ್ಯಾಂಪಲ್ ಕಾರ್ಡ್ ಮೇಲೆ 80/20, 82/18 ಅಂತ ಬರೆದಿರುವುದು ಈ ಲೆಕ್ಕವನ್ನೇ: 80 ಭಾಗ ನೈಲಾನ್ ಅಥವಾ ಪಾಲಿಯೆಸ್ಟರ್, 20 ಭಾಗ ಸ್ಪ್ಯಾಂಡೆಕ್ಸ್. ಅಂಗಡಿಯವರು 'ಲೈಕ್ರಾ' ಅಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಲೈಕ್ರಾ ಎಷ್ಟು, ಮಿಕ್ಕಿದ್ದು ಏನು? ಇದಕ್ಕೆ ಉತ್ತರ ಬರಲಿಲ್ಲ ಅಂದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಮುಂದಿನ ಅಂಗಡಿಗೆ ಹೋಗಿ.

ಹತ್ತಿ ಯಾಕೆ ಬೇಡ? ಹತ್ತಿ ನೀರು ಕುಡಿಯುತ್ತದೆ, ಭಾರವಾಗಿ ಜೋಲುತ್ತದೆ. ಉದುರುವ ನಾರು ಪೂಲಿನ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ. ಬೋರ್ಡಿನ ಹಿಂದಿನ ಗುಟ್ಟು ಇಷ್ಟೇ. ಪಾಲಿಯೆಸ್ಟರ್ ನೂಲು ಗಾಳಿಯ ತೇವವನ್ನು ತನ್ನ ತೂಕದ ಶೇ. 0.4ರಷ್ಟು ಮಾತ್ರ ಹೀರುತ್ತದೆ, ನೈಲಾನ್ ಶೇ. 4ರಷ್ಟು, ಹತ್ತಿ ಶೇ. 8ರ ಆಸುಪಾಸು.

ಯಾವ ನೀರಿಗೆ ಇಳಿಯುವ ಬಟ್ಟೆ?

ಬ್ರ್ಯಾಂಡ್ ಶುರು ಮಾಡುವವರು ಸಾಮಾನ್ಯವಾಗಿ ಡಿಸೈನ್‌ನಿಂದ ಶುರು ಮಾಡುತ್ತಾರೆ. ನನ್ನ ಕೇಳಿದರೆ ನೀರಿನಿಂದ ಶುರು ಮಾಡಬೇಕು. ನಿಮ್ಮ ಗಿರಾಕಿ ದಿನಾ ಬೆಳಿಗ್ಗೆ ಆರಕ್ಕೆ ಬಸವನಗುಡಿಯ ಪೂಲಿಗೆ ಹೋಗುವವರಾ, ವರ್ಷಕ್ಕೊಮ್ಮೆ ಪಡುಬಿದ್ರಿ ಬೀಚಿಗೆ ಹೋಗುವವರಾ, ಅಥವಾ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯುವವರಾ? ಈ ಮೂವರಿಗೂ ಒಂದೇ ಬಟ್ಟೆ ಸರಿಹೋಗುವುದಿಲ್ಲ.

ಪೂಲಿನ ನೀರಲ್ಲಿ ಕ್ಲೋರಿನ್ ಇರುತ್ತದೆ, ಸಾಮಾನ್ಯವಾಗಿ ಲೀಟರಿಗೆ 1ರಿಂದ 3 ಮಿಲಿಗ್ರಾಂ. ರೋಗಾಣು ಸಾಯಿಸಲು ಹಾಕುವ ಈ ಕ್ಲೋರಿನ್‌ಗೆ ರೋಗಾಣು ಯಾವುದು, ನೂಲು ಯಾವುದು ಅಂತ ಗೊತ್ತಾಗುವುದಿಲ್ಲ. ಸ್ಪ್ಯಾಂಡೆಕ್ಸಿನ ಎಳೆಯನ್ನೂ ನಿಧಾನವಾಗಿ ತಿನ್ನುತ್ತದೆ. ಎಳೆ ಒಳಗೊಳಗೇ ತುಂಡಾಗುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಒಂದು ದಿನ ಎಳೆದರೆ ಬಟ್ಟೆ ಹಿಗ್ಗುತ್ತದೆ, ವಾಪಸ್ ಬರುವುದಿಲ್ಲ. ಹಳೇ ಲಂಗದ ಎಲಾಸ್ಟಿಕ್ ನೆನಪಿಸಿಕೊಳ್ಳಿ. ಅಂದಹಾಗೆ ಪೂಲಿನಲ್ಲಿ ಮೂಗಿಗೆ ಬಡಿಯುವ ಆ ವಾಸನೆ ಬರೀ ಕ್ಲೋರಿನ್‌ದಲ್ಲ, ಕ್ಲೋರಿನ್ ಜೊತೆ ಬೆವರು, ಮೂತ್ರ ಬೆರೆತು ಹುಟ್ಟುವ ಕ್ಲೋರಮೈನ್‌ದು. ಸುಮ್ನೆ ಹೇಳಿದೆ.

ಕ್ಲೋರಿನ್ ಕಾಟಕ್ಕೆ ಎರಡು ದಾರಿ ಇದೆ. ಒಂದು, ಕ್ಲೋರಿನ್ ತಡೆಯುವ ಹಾಗೆ ಮಾಡಿದ ವಿಶೇಷ ಸ್ಪ್ಯಾಂಡೆಕ್ಸ್. ಎಕ್ಸ್‌ಟ್ರಾ ಲೈಫ್ ಲೈಕ್ರಾ ಅನ್ನುವುದು ಈ ಪೈಕಿ ಜಾಸ್ತಿ ಹೆಸರಾದದ್ದು. ಇನ್ನೊಂದು, ಸ್ಪ್ಯಾಂಡೆಕ್ಸ್ ಅನ್ನೇ ಬಿಟ್ಟುಬಿಡುವುದು. ಪಿಬಿಟಿ ಅಂತ ಒಂದು ನೂಲಿದೆ, ಪಾಲಿಯೆಸ್ಟರಿನ ಅಣ್ಣತಮ್ಮ ಅನ್ನಬಹುದು. ಇದರ ಎಳೆಯಲ್ಲೇ ಸಣ್ಣ ಸ್ಪ್ರಿಂಗಿನ ಗುಣ ಇರುತ್ತದೆ. ಅರ್ಧ ಪಾಲಿಯೆಸ್ಟರ್, ಅರ್ಧ ಪಿಬಿಟಿ ಸೇರಿಸಿ ಮಾಡಿದ ಬಟ್ಟೆ ಕ್ಲೋರಿನ್‌ಗೆ ಸುಲಭವಾಗಿ ಜಗ್ಗುವುದಿಲ್ಲ. ದಿನಾ ಪ್ರಾಕ್ಟೀಸ್ ಮಾಡುವ ಈಜುಗಾರರ ಟ್ರೇನಿಂಗ್ ಸೂಟುಗಳು ಹೆಚ್ಚಾಗಿ ಇದರಲ್ಲೇ ಆಗುವುದು. ಆದರೆ ಮುಟ್ಟಿದರೆ ನೈಲಾನಿನಷ್ಟು ನುಣುಪಿಲ್ಲ, ಹಿಗ್ಗುವುದೂ ಕಡಿಮೆ. ಮೊದಲ ಸಲ ಹಾಕಿಕೊಂಡವರು 'ಬಿಗಿ ಆಯ್ತು' ಅನ್ನುತ್ತಾರೆ.

ಸಮುದ್ರದ ಕಥೆ ಬೇರೆ. ಅಲ್ಲಿ ಕ್ಲೋರಿನ್ ಇಲ್ಲ, ಆದರೆ ಉಪ್ಪು, ಮರಳು, ನೆತ್ತಿ ಮೇಲೆ ಬಿಸಿಲು. ಜೊತೆಗೆ ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ, ಇವೂ ಸ್ಪ್ಯಾಂಡೆಕ್ಸಿಗೆ ಒಗ್ಗುವುದಿಲ್ಲ. ಬೀಚಿಗೆ ಅಂತ ಮಾಡುವ ಉಡುಗೆಗೆ ನೈಲಾನ್ ಚೆನ್ನಾಗಿ ಹೊಂದುತ್ತದೆ: ಮೆತ್ತಗೆ, ಗಾಢ ಬಣ್ಣ, ಮೈಗೆ ಹಿತ. ವಾರಕ್ಕೆ ಐದು ದಿನ ಪೂಲಿಗೆ ಇಳಿಯುವವರಿಗೆ ಪಾಲಿಯೆಸ್ಟರ್ ಜಾಸ್ತಿ ದಿನ ಬರುತ್ತದೆ.

ಸ್ಪರ್ಧೆಯ ಸೂಟು ಮಾಡುತ್ತೇನೆ ಅಂತ ಹೊರಟವರಿಗೆ ಒಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಸ್ಪೀಡೋ ಕಂಪನಿಯ ಎಲ್‌ಝಡ್ಆರ್ ರೇಸರ್ ಅನ್ನುವ ಸೂಟು ಸುದ್ದಿ ಮಾಡಿತು. ಮರುವರ್ಷ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪಾಲಿಯುರೆಥೇನ್ ಸೂಟು ಹಾಕಿಕೊಂಡವರು ದಾಖಲೆಗಳನ್ನು ಮುರಿದದ್ದೇ ಮುರಿದದ್ದು, ಒಂದೇ ಕೂಟದಲ್ಲಿ 43 ವಿಶ್ವ ದಾಖಲೆ. 2010ರ ಜನವರಿ 1ರಿಂದ ಅಂಥ ಸೂಟುಗಳಿಗೆ ನಿಷೇಧ ಬಂತು, ನೂಲಿನ ಬಟ್ಟೆ ಮಾತ್ರ ಅಂತ ಆಯಿತು. ಈಗ ಅಂತಾರಾಷ್ಟ್ರೀಯ ಮಟ್ಟದ ಸೂಟಿಗೆ ಈಜಿನ ಜಾಗತಿಕ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ಒಪ್ಪಿಗೆ ಬೇಕು. ಹೊಸ ಸಣ್ಣ ಬ್ರ್ಯಾಂಡಿಗೆ ಅದು ಮೊದಲ ಮೆಟ್ಟಿಲಲ್ಲ.

ಹೆಣೆದ ಬಟ್ಟೆ, ಮತ್ತು ಅದರ ತೂಕ

ಸೀರೆ, ಪಂಚೆ ನೇಯ್ದ ಬಟ್ಟೆ. ಹಾಸು ಹೊಕ್ಕು ಎರಡೂ ನೇರ ಎಳೆಗಳು, ಹಾಗಾಗಿ ಹಿಗ್ಗುವುದಿಲ್ಲ. ಈಜುಡುಗೆಯದು ಹೆಣೆದ ಬಟ್ಟೆ, ಸ್ವೆಟರಿನ ಹಾಗೆ ಕುಣಿಕೆ ಕುಣಿಕೆ. ಹೆಣಿಗೆಯಲ್ಲೂ ಎರಡು ಬಗೆ. ಅಜ್ಜಿ ಹೆಣೆದ ಸ್ವೆಟರಿನಲ್ಲಿ ಒಂದು ಎಳೆ ಕಿತ್ತರೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತಲ್ಲ, ಬನಿಯನ್ ಬಟ್ಟೆ ಆ ಜಾತಿಯದು. ಅದರ ನೂಲು ಅಡ್ಡಡ್ಡ ಓಡುತ್ತದೆ. ಇನ್ನೊಂದು ವಾರ್ಪ್ ನಿಟ್, ಅದರಲ್ಲೂ ಟ್ರೈಕೋ. ಇಲ್ಲಿ ಪ್ರತಿ ಸೂಜಿಗೂ ತನ್ನದೇ ನೂಲು. ಎಲ್ಲವೂ ಉದ್ದಕ್ಕೆ ಹಾವಿನ ಹಾಗೆ ಅತ್ತಿತ್ತ ಹೋಗುತ್ತಾ ಪಕ್ಕದ ಸಾಲನ್ನು ಹಿಡಿದುಕೊಳ್ಳುತ್ತವೆ. ಒಂದು ಎಳೆ ಕಿತ್ತರೂ ಸುಲಭಕ್ಕೆ ಬಿಚ್ಚುವುದಿಲ್ಲ. ಪೂಲಿನ ಒರಟು ಅಂಚಿನ ಮೇಲೆ ಕೂತು ಜಾರುವ ಬಟ್ಟೆಗೆ ಟ್ರೈಕೋ ವಾಸಿ.

ಬಟ್ಟೆ ಉದ್ದಕ್ಕೂ ಅಗಲಕ್ಕೂ ಹಿಗ್ಗಬೇಕು, ಇದಕ್ಕೆ ಫೋರ್ ವೇ ಸ್ಟ್ರೆಚ್ ಅನ್ನುತ್ತಾರೆ. ಯಾಕೆಂದರೆ ಈಜುಡುಗೆಯನ್ನು ಮೈ ಅಳತೆಗಿಂತ ಚಿಕ್ಕದಾಗಿ ಕತ್ತರಿಸುತ್ತಾರೆ. ಹಾಕಿಕೊಂಡಾಗ ಹಿಗ್ಗಿ ಕೂರಬೇಕು. ಇಲ್ಲದಿದ್ದರೆ ಡೈವ್ ಹೊಡೆದಾಗ ನೀರು ಒಳಗೆ ನುಗ್ಗಿ ಬಲೂನ್ ಆಗುತ್ತದೆ.

ಇನ್ನು ಜಿಎಸ್‌ಎಂ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಇದು. ಈಜುಡುಗೆಗೆ ಸಾಮಾನ್ಯವಾಗಿ 170ರಿಂದ 220ರ ಒಳಗಿನ ಬಟ್ಟೆ ಬಳಸುತ್ತಾರೆ. ಅಂಗಡಿಯವರು ಹೇಳಿದ್ದನ್ನು ನಂಬಬೇಕಿಲ್ಲ, ಮನೆಯಲ್ಲೇ ನೋಡಬಹುದು. ಸ್ಕೇಲ್ ಇಟ್ಟು 10 ಸೆಂಟಿಮೀಟರ್ ಚೌಕ ಕತ್ತರಿಸಿ, ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿಡಿ. 1.9 ಗ್ರಾಂ ಬಂದರೆ ಅದು 190 ಜಿಎಸ್‌ಎಂ. ನೂರರಿಂದ ಗುಣಿಸಿದರೆ ಆಯಿತು.

ಒದ್ದೆಯಾದರೆ ಒಳಗಿನದು ಕಾಣುವುದೇಕೆ?

ಒಣಗಿದ ಬಿಳಿ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ. ಬೆಳಕು ಎಳೆಗೆ, ಗಾಳಿಗೆ, ಮತ್ತೆ ಎಳೆಗೆ ಬಡಿದು ಚದುರುತ್ತದೆ, ಅದಕ್ಕೇ ಬಟ್ಟೆ ಬೆಳ್ಳಗೆ ಮುಚ್ಚಿದ ಹಾಗೆ ಕಾಣುವುದು. ಒದ್ದೆಯಾದಾಗ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರೂ ಎಳೆಯೂ ಬೆಳಕನ್ನು ಬಾಗಿಸುವ ರೀತಿಯಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ, ಹಾಗಾಗಿ ಬೆಳಕು ಚದುರದೆ ನೇರ ಒಳಗೆ ಹೋಗುತ್ತದೆ. ಎಣ್ಣೆ ಹತ್ತಿದ ಪೇಪರ್ ಪಾರದರ್ಶಕ ಆಗುವುದೂ ಹೀಗೇ. ಬೋಂಡ ಕಟ್ಟಿಕೊಟ್ಟ ಪೇಪರ್ ನೋಡಿದ್ದೀರಲ್ಲ.

ಬಿಳಿ, ತಿಳಿ ಹಳದಿ, ಬೇಬಿ ಪಿಂಕ್, ಇವು ಫೋಟೋದಲ್ಲಿ ಮುದ್ದಾಗಿರುತ್ತವೆ, ನೀರಲ್ಲಿ ಕೈಕೊಡುತ್ತವೆ. ಅವು ಬೇಕೇ ಬೇಕು ಅಂದರೆ ಒಳಗೆ ಪೂರ್ತಿ ಲೈನಿಂಗ್ ಹಾಕಬೇಕು, ಲೈನಿಂಗ್ ಕೂಡ ಹೊರಗಿನ ಬಟ್ಟೆಯಷ್ಟೇ ಹಿಗ್ಗಬೇಕು. ಹೊರಗಿನದು ಹಿಗ್ಗಿ ಒಳಗಿನದು ಹಿಗ್ಗದಿದ್ದರೆ ಹೊಲಿಗೆ ಪಟಪಟ ಬಿಚ್ಚುತ್ತದೆ. ಪರೀಕ್ಷೆ ಸುಲಭ: ಬಟ್ಟೆ ನೆನೆಸಿ, ಮೈಮೇಲೆ ಎಳೆದಷ್ಟೇ ಎಳೆದು, ಅಂಗೈ ಮೇಲೆ ಇಟ್ಟು ಬಿಸಿಲಿಗೆ ಹಿಡಿಯಿರಿ. ಕೈರೇಖೆ ಕಂಡರೆ ಬೇಡ.

ಬಿಸಿಲಿನ ಮಾತಿಗೆ ಬಂದರೆ ಯುಪಿಎಫ್ ಅನ್ನುವ ಸಂಖ್ಯೆ ಕೇಳಿರುತ್ತೀರಿ. ಇದರ ಮೊದಲ ಮಾನದಂಡ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 1996ರಲ್ಲಿ ಬಂತು. ಯುಪಿಎಫ್ 50 ಅಂದರೆ ಅತಿನೇರಳೆ ಕಿರಣದ 50ರಲ್ಲಿ ಒಂದು ಭಾಗ ಮಾತ್ರ, ಅಂದರೆ ಶೇ. 2ರಷ್ಟು ಬಟ್ಟೆ ದಾಟುತ್ತದೆ. ಬಟ್ಟೆ ತುಂಬಾ ಎಳೆದರೆ ಕುಣಿಕೆ ಅಗಲವಾಗಿ ಈ ರಕ್ಷಣೆ ಕಡಿಮೆಯಾಗುತ್ತದೆ. ಹಾಗಾಗಿ ಮಕ್ಕಳ ಫುಲ್ ಸ್ಲೀವ್ ಸೂಟಿಗೆ ಲೇಬಲ್ ಹಾಕುವ ಮುಂಚೆ ಲ್ಯಾಬ್ ವರದಿ ಕೈಯಲ್ಲಿರಬೇಕು.

ಬಣ್ಣ ಮತ್ತು ಪ್ರಿಂಟ್

ಎರಡು ನೂಲಿಗೂ ಹಾಕುವ ಬಣ್ಣದ ಜಾತಿ ಬೇರೆ ಬೇರೆ: ನೈಲಾನಿಗೆ ಆ್ಯಸಿಡ್ ಡೈ, ಪಾಲಿಯೆಸ್ಟರಿಗೆ ಡಿಸ್ಪರ್ಸ್ ಡೈ. ಹೂವಿನ ಚಿತ್ರ, ಕಸೂತಿ ವಿನ್ಯಾಸದಂಥ ಪ್ರಿಂಟ್ ಬೇಕಿದ್ದರೆ ಸಣ್ಣ ಬ್ರ್ಯಾಂಡಿಗೆ ಅನುಕೂಲವಾದದ್ದು ಸಬ್ಲಿಮೇಶನ್. ಮೊದಲು ಪೇಪರ್ ಮೇಲೆ ಪ್ರಿಂಟ್ ಹಾಕಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ, ಬಣ್ಣ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ. ಹತ್ತು ಮೀಟರ್ ಆದರೂ ಮಾಡಿಕೊಡುವವರು ಸಿಗುತ್ತಾರೆ. ಆದರೆ ಇದು ಪಾಲಿಯೆಸ್ಟರಿಗೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಪ್ರಿಂಟ್ ಮನಸ್ಸಲ್ಲಿದ್ದರೆ ನೈಲಾನ್ ಕೊಳ್ಳುವ ಮುಂಚೆ ಇದು ನೆನಪಿರಲಿ. ಗಾಢ ಬಣ್ಣದ ಪ್ರಿಂಟ್‌ನಲ್ಲಿ ಇನ್ನೊಂದು ಕಿರಿಕಿರಿ: ಒಳಗಿನ ನೂಲು ಬಿಳಿಯಾಗೇ ಉಳಿದಿದ್ದರೆ, ಎಳೆದಾಗ ಮಂಡಿ, ಎದೆ ಭಾಗದಲ್ಲಿ ಬಿಳಿ ಬಿಳಿ ಇಣುಕುತ್ತದೆ.

ಬಣ್ಣ ಎಷ್ಟು ಗಟ್ಟಿ ಅಂತ ಅಳೆಯಲು ಲ್ಯಾಬ್ ಪರೀಕ್ಷೆಗಳಿವೆ. ಪೂಲಿನ ನೀರಿಗೆ ಐಎಸ್‌ಓ 105-ಇ03, ಸಮುದ್ರದ ನೀರಿಗೆ ಐಎಸ್‌ಓ 105-ಇ02. ಈಜುಡುಗೆಗೆ ಇ03 ಪರೀಕ್ಷೆಯಲ್ಲಿ ಲೀಟರಿಗೆ 50 ಅಥವಾ 100 ಮಿಲಿಗ್ರಾಂ ಕ್ಲೋರಿನ್ ಹಾಕುತ್ತಾರೆ, ನಿಜವಾದ ಪೂಲಿಗಿಂತ ಎಷ್ಟೋ ಪಟ್ಟು ಖಾರ. ಆಮೇಲೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ, 5 ಅಂದರೆ ಬಣ್ಣ ಒಂಚೂರೂ ಬದಲಾಗಿಲ್ಲ. ವರದಿಯಲ್ಲಿ ಅಂಕದ ಜೊತೆ ಎಷ್ಟು ಮಿಲಿಗ್ರಾಂನಲ್ಲಿ ಮಾಡಿದ್ದು ಅನ್ನುವುದನ್ನೂ ನೋಡಿ. 20ರಲ್ಲಿ ಮಾಡಿದ್ದರೆ ಅದು ಟವೆಲ್, ಬೀಚ್ ಗೌನ್‌ಗಳ ಪರೀಕ್ಷೆ. ಕೇಂದ್ರ ಜವಳಿ ಸಚಿವಾಲಯದ ಟೆಕ್ಸ್‌ಟೈಲ್ಸ್ ಕಮಿಟಿಯ ಲ್ಯಾಬ್ ಬೆಂಗಳೂರಿನಲ್ಲೇ ಇದೆ, ತಿರುಪ್ಪೂರಿನಲ್ಲೂ ಇದೆ.

ಎಲ್ಲಿಂದ ತರುವುದು, ಎಷ್ಟು ತರುವುದು

ತಿರುಪ್ಪೂರು ಹತ್ತಿರ ಇದೆ ಅಂತ ಮೊದಲು ಅಲ್ಲಿಗೆ ಓಡಬೇಡಿ. ಆ ಊರಿನ ಹೆಸರು ಮುಖ್ಯವಾಗಿ ಹತ್ತಿ ಹೆಣಿಗೆಯದು, ಬನಿಯನ್, ಟೀ ಶರ್ಟ್. ಸಿಂಥೆಟಿಕ್ ಬಟ್ಟೆಯ ದೊಡ್ಡ ಊರು ಸೂರತ್. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮೊದಲ ಸ್ಯಾಂಪಲ್ಲಿಗೆ ಸಾಕಾಗುವಷ್ಟು ಸಿಗಬಹುದು, ಆದರೆ ಇವತ್ತು ಸಿಕ್ಕಿದ ಬಟ್ಟೆ ಮೂರು ತಿಂಗಳ ನಂತರವೂ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಎಕ್ಸ್‌ಪೋರ್ಟ್ ಸರ್ಪ್ಲಸ್ ಇನ್ನೂ ಹಾಗೆ, ಬಟ್ಟೆ ಬಂಗಾರ, ಥಾನು ಮುಗಿದರೆ ಮುಗಿಯಿತು. ತೈವಾನ್, ಚೀನಾ, ಇಟಲಿಯಿಂದ ತರಿಸಿಕೊಳ್ಳುವವರೂ ಇದ್ದಾರೆ, ಆಗ ಸಾಗಣೆ, ಕಸ್ಟಮ್ಸ್ ಸುಂಕ, ಕಾಯುವ ವಾರಗಳು ಎಲ್ಲ ಬೆಲೆಗೆ ಸೇರುತ್ತವೆ.

ಮಿಲ್ಲಿಗೆ ಫೋನ್ ಮಾಡಿದಾಗ ಮೊದಲು ಕೇಳುವ ಮಾತು ಎಂಓಕ್ಯೂ. ಒಂದು ಬಣ್ಣದಲ್ಲಿ ಕನಿಷ್ಠ ಇಷ್ಟು ಕೊಳ್ಳಲೇಬೇಕು ಅನ್ನುವ ಲೆಕ್ಕ. ಸಣ್ಣವರನ್ನು ಓಡಿಸಲು ಹೀಗೆ ಮಾಡುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಕಾರಣ ಬಣ್ಣ ಹಾಕುವ ಪಾತ್ರೆ. ಅದು ದೊಡ್ಡದು, ಅದನ್ನು ತುಂಬಿಸಲೇಬೇಕು. ಮದುವೆ ಅಡುಗೆಯವರ ಹತ್ತಿರ ಹೋಗಿ ಎರಡೇ ಪ್ಲೇಟ್ ಬಿಸಿಬೇಳೆ ಬಾತ್ ಮಾಡಿಕೊಡಿ ಅಂದರೆ ಆಗುತ್ತದಾ? ಹಾಗಾಗಿ ಹೊಸಬರು ಮಿಲ್ಲಿನವರು ಆಗಲೇ ಬಣ್ಣ ಹಾಕಿಟ್ಟಿರುವ ಸ್ಟಾಕ್ ಬಣ್ಣಗಳಲ್ಲೇ ಶುರು ಮಾಡುವುದು ಒಳ್ಳೆಯದು. ಕಪ್ಪು, ನೇವಿ ಯಾವಾಗಲೂ ಇರುತ್ತವೆ. ನಿಮ್ಮದೇ ಬಣ್ಣ ಬೇಕಾದಾಗ ಲ್ಯಾಬ್ ಡಿಪ್ ಕೇಳಿ, ಅಂದರೆ ಅಂಗೈಯಷ್ಟು ಬಟ್ಟೆಗೆ ಬಣ್ಣ ಹಾಕಿ ತೋರಿಸುವುದು. ಅದನ್ನು ಟ್ಯೂಬ್‌ಲೈಟ್ ಕೆಳಗೂ ನೋಡಿ, ಬಿಸಿಲಲ್ಲೂ ನೋಡಿ. ಒಂದು ಸಲಕ್ಕೆ ಬಣ್ಣ ಹಾಕಿದ ಮಾಲಿಗೆ ಲಾಟ್ ಅನ್ನುತ್ತಾರೆ. ಲಾಟ್‌ನಿಂದ ಲಾಟ್‌ಗೆ ಬಣ್ಣ ಸ್ವಲ್ಪ ಬದಲಾಗುತ್ತದೆ, ಒಂದೇ ಸೂಟಿಗೆ ಎರಡು ಲಾಟಿನ ಬಟ್ಟೆ ಬೆರೆಸಬೇಡಿ.

ಇನ್ನೊಂದು ಗೊಂದಲ ಬೆಲೆಯದು. ಹೆಣೆದ ಬಟ್ಟೆಯನ್ನು ಬಹಳ ಕಡೆ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ಹೊಲಿಯುವುದು ಮೀಟರ್ ಲೆಕ್ಕದಲ್ಲಿ. ಉದಾಹರಣೆಗೆ ಒಬ್ಬರು 200 ಜಿಎಸ್‌ಎಂ ಬಟ್ಟೆಗೆ ಕಿಲೋಗೆ 600 ರೂಪಾಯಿ ಹೇಳಿದರು, ಇನ್ನೊಬ್ಬರು 250 ಜಿಎಸ್‌ಎಂಗೆ 550 ಅಂದರು, ಇಬ್ಬರದೂ ಅಗಲ ಒಂದೂವರೆ ಮೀಟರ್ ಅಂದುಕೊಳ್ಳಿ. ಮೊದಲನೆಯದರಲ್ಲಿ ಕಿಲೋಗೆ 5 ಚದರ ಮೀಟರ್, ಅಂದರೆ ಉದ್ದ 3.33 ಮೀಟರ್, ಮೀಟರಿಗೆ 180 ರೂಪಾಯಿ. ಎರಡನೆಯದು 2.67 ಮೀಟರ್, ಮೀಟರಿಗೆ 206 ರೂಪಾಯಿ. ಅಗ್ಗ ಅಂತ ಕಂಡದ್ದೇ ದುಬಾರಿ, ಅಲ್ವಾ?

ಮರುಬಳಕೆ ನೂಲು

ಹಳೇ ಮೀನುಬಲೆಯಿಂದ ಮಾಡಿದ ಈಜುಡುಗೆ ಅಂತ ಜಾಹೀರಾತು ನೋಡಿರುತ್ತೀರಿ. ಇಟಲಿಯ ಅಕ್ವಾಫಿಲ್ ಕಂಪನಿ 2011ರಲ್ಲಿ ಇಕೋನಿಲ್ ಅನ್ನುವ ನೈಲಾನ್ ಹೊರತಂದಿತು. ಬಲೆ, ಹಳೇ ಕಾರ್ಪೆಟ್ ಮುಂತಾದ ನೈಲಾನ್ ಕಸವನ್ನು ಅದರ ಮೂಲ ರಾಸಾಯನಿಕಕ್ಕೆ ಒಡೆದು ಮತ್ತೆ ನೂಲಾಗಿಸುತ್ತಾರೆ, ಹಳೇ ಬಳೆ ಕರಗಿಸಿ ಹೊಸ ಬಳೆ ಮಾಡಿದ ಹಾಗೆ. ಪಾಲಿಯೆಸ್ಟರಿನದು ಹೆಚ್ಚಾಗಿ ನೀರಿನ ಬಾಟಲಿಯಿಂದ ಬರುತ್ತದೆ. ಆದರೆ ಇವಕ್ಕೂ ಸಾಮಾನ್ಯವಾಗಿ ಸ್ಪ್ಯಾಂಡೆಕ್ಸ್ ಬೆರೆಸುತ್ತಾರೆ, ಬೆರೆಸಿದ ಮೇಲೆ ಆ ಸೂಟನ್ನು ಮತ್ತೆ ನೂಲು ಮಾಡುವುದು ತುಂಬಾ ಕಷ್ಟ. ಲೇಬಲ್ ಮೇಲೆ 'ಪರಿಸರಸ್ನೇಹಿ' ಅಂತ ಬರೆಯುವ ಮುಂಚೆ ಮಿಲ್ಲಿನವರ ಹತ್ತಿರ ಜಿಆರ್‌ಎಸ್ (ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್, ಮರುಬಳಕೆ ಮಾಲಿನ ಮಾನದಂಡ) ಪ್ರಮಾಣಪತ್ರ ಕೇಳಿ. ಮಿಲ್ಲಿಗೆ ಸಿಕ್ಕಿದ ಪತ್ರ ಬೇರೆ, ನಿಮಗೆ ಬಂದ ಮಾಲಿಗೆ ಕೊಡುವ ಪತ್ರ ಬೇರೆ. ಎರಡನೆಯದಕ್ಕೆ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಅನ್ನುತ್ತಾರೆ, ನಿಮಗೆ ಬೇಕಾದದ್ದು ಅದು.

ದಾರ, ಎಲಾಸ್ಟಿಕ್, ಮತ್ತು ಒಂದು ತಿಂಗಳು

ಬಟ್ಟೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡು ಮಾಮೂಲಿ ಎಲಾಸ್ಟಿಕ್ ಹಾಕಿದರೆ ಕಾಲಿನ ಅಂಚು ಎರಡೇ ತಿಂಗಳಲ್ಲಿ ಜೋಲು ಬೀಳಬಹುದು. ಕ್ಲೋರಿನ್ ತಡೆಯುವ ಎಲಾಸ್ಟಿಕ್ ಬೇರೆಯೇ ಬರುತ್ತದೆ. ದಾರ ಪಾಲಿಯೆಸ್ಟರ್ ಆಗಿರಲಿ, ಹತ್ತಿ ಬೇಡ. ಸೂಜಿ ತುದಿ ಉರುಟಾಗಿರುವ ಬಾಲ್ ಪಾಯಿಂಟ್ ಇರಲಿ, ಚೂಪಾದದ್ದು ಎಳೆಯನ್ನೇ ಕತ್ತರಿಸಿಬಿಡುತ್ತದೆ. ಥಾನು ಬಿಚ್ಚಿ ಒಂದು ದಿನ ಮೇಜಿನ ಮೇಲೆ ಸಡಿಲವಾಗಿ ಬಿಡಿ. ಬಿಗಿಯಾಗಿ ಸುತ್ತಿದ್ದ ಬಟ್ಟೆ ಮೊದಲಿನ ಅಳತೆಗೆ ಬರಲಿ, ಆಮೇಲೆ ಕತ್ತರಿಸಿ.

ಕೊಳ್ಳುವ ಮುಂಚೆ ನಾವು ಈಗ ಮಾಡುವುದು ಇಷ್ಟು. ಬಟ್ಟೆ ಮೇಲೆ ಪೆನ್ನಿನಲ್ಲಿ 10 ಸೆಂಟಿಮೀಟರ್ ಗುರುತು ಹಾಕಿ, 16ರವರೆಗೆ ಎಳೆದು ಒಂದು ನಿಮಿಷ ಹಿಡಿದು ಬಿಡುತ್ತೇವೆ. ಮತ್ತೆ 10ಕ್ಕೆ ಬಂದರೆ ಸರಿ, ಹತ್ತೂವರೆಗೆ ನಿಂತರೆ ಆ ಬಟ್ಟೆಯನ್ನು ಅಲ್ಲೇ ಬಿಡುತ್ತೇವೆ. ಪಾಸಾದದ್ದನ್ನು ಐದು ಮೀಟರ್ ಮಾತ್ರ ತಂದು ನಾಲ್ಕು ಕಾಸ್ಟ್ಯೂಮ್ ಹೊಲಿಸಿ, ಬೆಳಗಿನ ಲೇಡೀಸ್ ಬ್ಯಾಚಿನ ಆಂಟಿಯರಿಗೆ ಹಾಗೇ ಕೊಡುತ್ತೇವೆ, ದುಡ್ಡು ಬೇಡ, ತಿಂಗಳಾದ ಮೇಲೆ ವಾಪಸ್ ತಂದು ತೋರಿಸಿ ಅಂತ. ಅವರು ಬಾಯಿಬಿಟ್ಟು ಹೇಳುವ ದೂರುಗಳು ಲ್ಯಾಬ್ ವರದಿಯಲ್ಲಿ ಸಿಗುವುದಿಲ್ಲ: ಭುಜ ಕೊರೆಯುತ್ತೆ, ಬೆನ್ನ ಹತ್ತಿರ ನೀರು ನಿಲ್ಲುತ್ತೆ, ಒಣಗೋಕೆ ಸಂಜೆ ಆಗುತ್ತೆ. ಅದನ್ನೆಲ್ಲ ಬರೆದುಕೊಂಡು, ಕಾಸ್ಟ್ಯೂಮನ್ನು ಒಳಮಗ್ಗುಲು ಮಾಡಿ, ಕೂರುವ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಎಳೆದು ನೋಡುತ್ತೇವೆ. ಥಾನಿಗೆ ಆರ್ಡರ್ ಹೋಗುವುದು ಅದಾದ ಮೇಲೆ.